ನಾಲ್ಕನೇ ಸೀಟಿನ ಕುತ್ತಿಗೆ

ಸಾವಿಲ್ಲದ ಮನೆಯ ಸಾಸಿವೆ ತರಲು ಹೊರಟ ಕಿಸಾಗೋತಮಿಯನ್ನು ಇವತ್ತು ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಗೆ ಕಳಿಸಿ, ‘ಸ್ಪಾಂಡಿಲೈಟಿಸ್ ಇಲ್ಲದ ಮನೆಯಿಂದ ಒಂದು ಹಿಡಿ ತಾ’ ಎಂದರೂ ಅವಳು ಬರಿಗೈಯಲ್ಲೇ ವಾಪಸಾದಾಳು. ನಮ್ಮ ಕಟ್ಟಡವನ್ನೇ ನೋಡಿ. ಎರಡನೇ ಮಹಡಿಯ ಬ್ಯಾಂಕಿನವರಿಗೆ ಸ್ಪಾಂಡಿಲೈಟಿಸ್. ನಾಲ್ಕನೇ ಮಹಡಿಯ ಟ್ಯೂಷನ್ ಟೀಚರಿಗೆ ‘ಸರ್ವೈಕಲ್’. ಕೆಳಗಿನ ಕಿರಾಣಿಯವನಿಗೆ ‘ನಸ್ ದಬ್ ಗಯೀ’. ಮರಾಠಿಯವರು ‘ಮಾನ್ ಧರ್ಲೀ’ ಅನ್ನುತ್ತಾರೆ, ನಾವು ಕತ್ತು ಹಿಡಿದಿದೆ ಅನ್ನುತ್ತೇವೆ. ಎರಡು ಭಾಷೆಯಲ್ಲೂ ಯಾರೋ ಹಿಂದಿನಿಂದ ಬಂದು ಪಟ್ಟು ಹಾಕಿದ ಹಾಗೆ.

ಮೊದಲು ಹೆಸರಿನ ತಗಾದೆ ಮುಗಿಸಿಬಿಡುತ್ತೇನೆ. ಸ್ಪಾಂಡಿಲೈಟಿಸ್ ಎಂದರೆ ಬೆನ್ನುಮೂಳೆಯ ಉರಿಯೂತ. ಅದು ಬೇರೆಯೇ ಜಾತಿಯ ಕಾಯಿಲೆ, ಹೆಚ್ಚಾಗಿ ಹರೆಯದಲ್ಲೇ ಶುರುವಾಗಿ ಬೆಳಗಿನ ಜಾವ ಮೈಯನ್ನು ಮರದ ಕೊರಡು ಮಾಡುವಂಥದ್ದು. ನಮ್ಮಲ್ಲಿ ಮುಕ್ಕಾಲು ಜನಕ್ಕೆ ಇರುವುದು, ಇದ್ದರೆ, ಸ್ಪಾಂಡಿಲೋಸಿಸ್. ವಯಸ್ಸಾದಂತೆ ಮೂಳೆಯ ಅಂಚು ಒರಟಾಗುತ್ತದೆ, ನಡುವಿನ ಡಿಸ್ಕು ನೀರಾರಿ ತಗ್ಗುತ್ತದೆ; ತಲೆ ನರೆತ ಹಾಗೆ. ‘ಇದ್ದರೆ’ ಅಂದದ್ದು ಬೇಕೆಂದೇ. ಆ ಸವೆತಕ್ಕೂ ನೋವಿಗೂ ಇರುವ ನಂಟು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಇದನ್ನು ತಿಳಿಯಲು ನನಗೆ ಒಂದು ಕಾಲರ್, ಹತ್ತು ‘ಸಿಟ್ಟಿಂಗ್’ ಮತ್ತು ಸುಮಾರು ದುಡ್ಡು ಹಿಡಿಯಿತು.

ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸಲು ತಿರುಗಿದವಳು ತಿರುಗಿದಲ್ಲೇ ಉಳಿದೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿಯವರು ನನ್ನ ಕತ್ತನ್ನು ಮುಟ್ಟುವ ಮೊದಲೇ ಎಕ್ಸ್‌ರೇ ಬರೆದರು. ಫಿಲ್ಮನ್ನು ಬೆಳಕಿಗೆ ಹಿಡಿದು ಐದನೆಯ ಮತ್ತು ಆರನೆಯ ಮೂಳೆಯ ನಡುವೆ ಪೆನ್ನು ಓಡಿಸಿ ‘ಗ್ಯಾಪ್ ಕಮ್ಮಿ ಆಗಿದೆ’ ಎಂದರು. ಆ ಮಾತು ನನ್ನೊಳಗೆ ಇಳಿದದ್ದು ಎಕ್ಸ್‌ರೇ ಕಿರಣಕ್ಕಿಂತ ಆಳಕ್ಕೆ. ಅಂದಿನಿಂದ ಬಗ್ಗಲು ಹೆದರಿಕೆ, ಬಕೆಟ್ ಎತ್ತಲು ಹೆದರಿಕೆ, ರಿಕ್ಷಾ ಹಳ್ಳಕ್ಕೆ ಬಿದ್ದರೆ ಮೂಳೆ ಜಾರೀತೆಂಬ ಹೆದರಿಕೆ. ಆರು ವಾರ ಕಾಲರ್ ಹಾಕಿಕೊಂಡು ಓಡಾಡಿದೆ. ಲೋಕಲ್ ಟ್ರೇನಿನಲ್ಲಿ ಸೀಟು ಬಿಟ್ಟುಕೊಟ್ಟರು ಎಂಬುದೊಂದೇ ಅದರ ಲಾಭ. ಕಾಲರ್ ತೆಗೆದಾಗ ತಲೆ ಬಾಡಿದ ಸೂರ್ಯಕಾಂತಿಯಂತೆ ಜೋತುಬಿದ್ದಿತ್ತು.

ಚಿತ್ರ ನೋಡಿ ಹೆದರುವುದರ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ಜಪಾನಿನ ವೈದ್ಯರು ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರನ್ನು ಕರೆದು ಎಂಆರ್‌ಐ ಮಾಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶೇಕಡ 87.6 ಜನರಿಗೆ ಡಿಸ್ಕು ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ ಉಬ್ಬಿತ್ತು. ಇವರೆಲ್ಲ ನೋವಿಲ್ಲದವರು! ಹಾಗಾಗಿ ‘ಡಿಸ್ಕ್ ಬಲ್ಜ್’ ಎಂದು ರಿಪೋರ್ಟಿನಲ್ಲಿ ಕಂಡ ಕೂಡಲೆ ಉಯಿಲು ಬರೆಯಬೇಕಿಲ್ಲ. ಕೈಗೆ ಇಳಿಯುವ ನೋವು, ಜೋಮು, ಬಲ ಕುಗ್ಗುವುದು ಇದ್ದು, ಆ ಚಿಹ್ನೆಗಳೂ ಚಿತ್ರವೂ ಒಂದಕ್ಕೊಂದು ತಾಳೆಯಾದರೆ ಆಗ ಚಿತ್ರಕ್ಕೆ ಬೆಲೆ.

ಕುತ್ತಿಗೆಯೊಳಗೆ ಇರುವುದು ಏಳು ಮೂಳೆ, ಜಿರಾಫೆಗೂ ಏಳೇ. ಅದರ ಮೇಲೆ ಕೂತಿರುವ ತಲೆಯ ತೂಕ ನಾಲ್ಕೂವರೆ ಐದು ಕೆಜಿ. ತಲೆ ಅಡ್ಡಕ್ಕೆ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಮೊದಲೆರಡು ಮೂಳೆಗಳ ನಡುವೆಯೇ ನಡೆಯುತ್ತದೆ. ಎಂಟು ಜೊತೆ ನರಗಳು ಇಲ್ಲಿಂದ ಹೊರಡುತ್ತವೆ. ನರ ಕೆರಳಿದರೆ ಯಾವ ಬೆರಳು ಜೋಮು ಹಿಡಿಯಿತು ಎಂಬುದರಿಂದ ಎಷ್ಟನೆಯದೆಂದು ಬಹುಮಟ್ಟಿಗೆ ಊಹಿಸಬಹುದು: ಹೆಬ್ಬೆರಳಾದರೆ ಆರನೆಯದು, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಹೀಗೆ ಕೈಗೆ ಇಳಿಯುವ ನೋವೂ ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ತಗ್ಗುತ್ತದೆ. ಹೊರಚಾಚಿದ ಡಿಸ್ಕಿನ ಚೂರನ್ನು ದೇಹ ತಾನೇ ಕರಗಿಸಿಕೊಳ್ಳುವುದೂ ಉಂಟು. ಆದರೆ ನೂರು ಕುತ್ತಿಗೆ ನೋವಿನಲ್ಲಿ ಬಹುಪಾಲು ನರದ್ದೂ ಅಲ್ಲ, ಮೂಳೆಯದ್ದೂ ಅಲ್ಲ. ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದ ಸ್ನಾಯು-ಕೀಲುಗಳ ನೋವು. 2020ರ ಜಾಗತಿಕ ಅಂದಾಜಿನಂತೆ ಕುತ್ತಿಗೆ ನೋವಿನವರು 20 ಕೋಟಿ 30 ಲಕ್ಷ.

ಕಾರಣ ತೋರಿಸಲಾಗದು ಎಂದರೆ ಮುಂಬಯಿಯವರು ಒಪ್ಪುವುದಿಲ್ಲ. ‘ಟ್ರೇನು ಸ್ವಾಮಿ, ಇನ್ನೇನು?’ ಎನ್ನುತ್ತಾರೆ. ಪೂರ್ತಿ ತಪ್ಪೂ ಅಲ್ಲ. ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ ಕೂರುವುದನ್ನು ಹೊರಊರಿನವರಿಗೆ ವಿವರಿಸುವುದು ಕಷ್ಟ. ‘ಜರಾ ಸರಕೋ’ ಎಂದರೆ ಮೂವರೂ ಸೌಜನ್ಯಕ್ಕೆ ಅರ್ಧರ್ಧ ಇಂಚು ಸರಿಯುತ್ತಾರೆ. ಸಿಕ್ಕಿದ ಆರಿಂಚಿನಲ್ಲಿ ಒಂದು ಕುಂಡಿ ಊರಿ, ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟು, ಕಾಲನ್ನು ಹಾದಿಗೆ ಚಾಚಿ, ಸೊಂಟ ಒಂದು ಕಡೆ ಮುಖ ಒಂದು ಕಡೆ ಮಾಡಿಕೊಂಡು ಡೊಂಬಿವಲಿಯಿಂದ ದಾದರಿಗೆ ಹೋಗಬೇಕು. ಮಡಿಲಲ್ಲಿ ಬ್ಯಾಗು. ನಿಂತವರ ಪಾಡು ಬೇರೆ: ಒಂದು ಕೈ ಮೇಲಿನ ಹಿಡಿಯಲ್ಲಿ ನೇತಾಡುತ್ತದೆ, ಆ ಭುಜ ಕಿವಿಯವರೆಗೆ ಏರಿರುತ್ತದೆ, ಇನ್ನೊಂದು ಕೈ ಎದೆಗೆ ತಂದುಕೊಂಡ ಬ್ಯಾಗನ್ನು ಅವುಚಿರುತ್ತದೆ. ಒಂದು ಚದರ ಮೀಟರಿಗೆ 14ರಿಂದ 16 ಮಂದಿ ನಿಲ್ಲುವ ಈ ಸ್ಥಿತಿಗೆ ರೈಲ್ವೆಯವರೇ ಇಟ್ಟ ಹೆಸರು ‘ಸೂಪರ್ ಡೆನ್ಸ್ ಕ್ರಷ್ ಲೋಡ್’. ಅಲ್ಲಿ ಭಾರಕ್ಕಿಂತ ಹೆಚ್ಚಾಗಿ ಕತ್ತನ್ನು ಬಳಲಿಸುವುದು ಅಲುಗಾಡಲಾಗದಿರುವುದು. ಇಳಿದ ಮೇಲೆ ಆಫೀಸಿನಲ್ಲಿ ಎಂಟು ಗಂಟೆ ಅದೇ ಕಥೆ, ಕುರ್ಚಿ ಮಾತ್ರ ಮೆತ್ತಗೆ.

ಬರೀ ಭಾರವೇ ಕಾರಣವಾಗಿದ್ದರೆ ಈ ಊರಿನ ಅರ್ಧ ಚರಿತ್ರೆ ಕುತ್ತಿಗೆ ಮುರಿದುಕೊಂಡು ಬಿದ್ದಿರಬೇಕಿತ್ತು. ಮರದ ಉದ್ದನೆಯ ತಟ್ಟೆಯಲ್ಲಿ ಮೂವತ್ತು ನಲ್ವತ್ತು ಡಬ್ಬಿ ಜೋಡಿಸಿ ತಲೆಯ ಮೇಲಿಟ್ಟು ಚರ್ಚ್‌ಗೇಟಿನ ಜನರ ನಡುವೆ ಓಡುವ ಡಬ್ಬಾವಾಲಾನನ್ನು ನೋಡಿ. ಸಸೂನ್ ಡಾಕಿನಿಂದ ಮೀನಿನ ಬುಟ್ಟಿ ಹೊರುವ, ಮೀನುಗಾರ ಕೋಳಿ ಸಮುದಾಯದ ಹೆಂಗಸರನ್ನು ನೋಡಿ. ತಲೆಯಿಂದಲೇ ಕಸುಬಿಗೆ ಹೆಸರು ಬಂದ ಮಾಥಾಡಿಗಳಿದ್ದಾರೆ, ಮಾಥಾ ಎಂದರೆ ತಲೆ. 1969ರಲ್ಲಿ ಮಹಾರಾಷ್ಟ್ರ ಅವರಿಗಾಗಿಯೇ ಕಾನೂನು ಮಾಡಿತು. ವಾಶಿಯ ಮಾರ್ಕೆಟ್ಟಿನಲ್ಲಿ 50 ಕೆಜಿಯ ಗೋಣಿ ಹೊತ್ತು ಸಾಗುವವರ ಕತ್ತು ನೋಯುವುದಿಲ್ಲ ಎನ್ನುತ್ತಿಲ್ಲ. ಹತ್ತಾರು ವರ್ಷ ತಲೆಹೊರೆ ಹೊತ್ತವರ ಮೂಳೆ ಬೇಗ ಸವೆಯುವುದನ್ನು ವೈದ್ಯರು ಗುರುತಿಸಿದ್ದಾರೆ, ನೋವೆಂದು ರಜೆ ಹಾಕಿದರೆ ಅವರಿಗೆ ಕೂಲಿಯೂ ಇಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಕುತ್ತಿಗೆ ಗಾಜಿನ ಬಳೆಯಲ್ಲ, ಮೆಲ್ಲಗೆ ಪಳಗಿಸಿದರೆ ಹೊರುತ್ತದೆ. ಎಸಿ ಕೋಣೆಯಲ್ಲಿ ಕೂತ ನಮ್ಮ ಕತ್ತು ಹೊರೆಯಿಂದ ಸೋತದ್ದಲ್ಲ, ಹೊರೆಯೇ ಇಲ್ಲದೆ ಸೋತದ್ದು.

ಮೊಬೈಲ್ ಪುರಾಣವನ್ನೂ ಇಲ್ಲೇ ಹೇಳಿಬಿಡಬಹುದು. ತಲೆ 60 ಡಿಗ್ರಿ ಬಗ್ಗಿದರೆ ಕುತ್ತಿಗೆಯ ಮೇಲೆ 27 ಕೆಜಿ ಭಾರ ಎಂಬ ಚಿತ್ರ ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಬಂದಿರುತ್ತದೆ. ಅದು 2014ರಲ್ಲಿ ನ್ಯೂಯಾರ್ಕಿನ ಸರ್ಜನ್ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ. ನೋವಿರುವ ಒಬ್ಬ ಮನುಷ್ಯನನ್ನೂ ಅದಕ್ಕಾಗಿ ಅಳೆದಿರಲಿಲ್ಲ. 2018ರಲ್ಲಿ ರಿಯೋ ಡಿ ಜನೈರೋದಲ್ಲಿ 18ರಿಂದ 21 ವರ್ಷದ 150 ಮಂದಿಯನ್ನು ಪರೀಕ್ಷಿಸಿದಾಗ ಮೊಬೈಲ್ ನೋಡುವಾಗಿನ ಭಂಗಿಗೂ ಕತ್ತುನೋವಿಗೂ ತಾಳಮೇಳ ಸಿಗಲಿಲ್ಲ. ಅಂದರೆ ಮಗ ರಾತ್ರಿ ಎರಡರವರೆಗೆ ರೀಲ್ಸ್ ನೋಡಲಿ ಎಂದಲ್ಲ. ಆದರೆ ಅವನ ನೋವಿಗೆ ಕತ್ತಿನ ಕೋನಕ್ಕಿಂತ ಕೆಟ್ಟ ನಿದ್ದೆಯ ಪಾಲು ಹೆಚ್ಚಿದ್ದೀತು. ನಿದ್ದೆಗೇಡು, ಕೆಲಸದ ಒತ್ತಡ, ಮನಸ್ಸಿನ ಕುಗ್ಗು ಇವು ನೋವನ್ನು ಹಿಗ್ಗಿಸುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ‘ನೆಟ್ಟಗೆ ಕೂರು’ ಎಂದು ಗದರಿದರೆ ಅವನು ನೆಟ್ಟಗೆ ಕೂತು ಇನ್ನೊಂದು ಬಗೆಯಲ್ಲಿ ಸೆಟೆಯುತ್ತಾನೆ ಅಷ್ಟೆ.

ಕತ್ತು ಹಿಡಿದರೆ ನಾವು ಓಡುವುದು ಫಿಸಿಯೋಥೆರಪಿಗೆ. ಆದರೆ ಅದು ಮುಂಬಯಿಗೆ ಬಂದದ್ದು ಕತ್ತಿಗಾಗಿ ಅಲ್ಲ, ಪೋಲಿಯೋ ತಗುಲಿದ ಮಕ್ಕಳ ಕಾಲಿಗಾಗಿ. ಫಾತೆಮಾ ಇಸ್ಮಾಯಿಲ್ ಎಂಬ ಸಮಾಜಸೇವಕಿಯ ಮಗಳಿಗೆ ಪೋಲಿಯೋ ಆಯಿತು. ಕೈಬಿಟ್ಟ ವೈದ್ಯರ ಮಾತು ಒಪ್ಪದೆ ಆ ತಾಯಿ ಮದ್ರಾಸಿನ ಮೂಳೆತಜ್ಞ ಡಾ. ಎಂ. ಜಿ. ಕಿಣಿ ಅವರ ಬಳಿಗೆ ಮಗುವನ್ನು ಹೊತ್ತೊಯ್ದರು. ಮಗಳು ಚೇತರಿಸಿಕೊಂಡ ಮೇಲೆ ಆಕೆ ಸುಮ್ಮನಿರಲಿಲ್ಲ. 1947ರಲ್ಲಿ ಮುಂಬಯಿಯಲ್ಲಿ ಪೋಲಿಯೋ ಮಕ್ಕಳಿಗಾಗಿ ಕ್ಲಿನಿಕ್ ತೆರೆದರು. 1950ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಆಕ್ಯುಪೇಷನಲ್ ಥೆರಪಿಯ ಶಾಲೆ ಶುರುಮಾಡಿದರು. ಅದರ ಬೆನ್ನಿಗೇ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ದೇಶದ ಮೊದಲ ಫಿಸಿಯೋಥೆರಪಿ ಶಾಲೆಯೂ ಅದೇ ಕೆಇಎಂನಲ್ಲಿ ಹುಟ್ಟಿತು. 1955ರಲ್ಲಿ ಹಾಜಿ ಅಲಿಯ ಬಳಿ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಬಂತು. ಸೋತ ಸ್ನಾಯುವನ್ನು ದಿನಾ ಒಂದಿಷ್ಟು ದುಡಿಸಿ ಎಬ್ಬಿಸುವುದು, ಇದೇ ಆ ವಿದ್ಯೆಯ ಮೂಲ. ಯಂತ್ರಗಳು ಆಮೇಲೆ ಬಂದವು.

ಆ ಮೂಲ ಎಲ್ಲೋ ಮರೆತುಹೋಯಿತೇನೋ. ಇವತ್ತು ಗಲ್ಲಿಗೊಂದು ಕ್ಲಿನಿಕ್ಕಿದೆ. ಪರದೆ ಎಳೆದ ಮಂಚ, ಬಿಸಿನೀರಿನ ಪ್ಯಾಕು, ಮೈಗೆ ಅಂಟಿಸಿ ಜುಮ್ಮೆನ್ನಿಸುವ ಐಎಫ್‌ಟಿ, ಗದ್ದಕ್ಕೆ ಪಟ್ಟಿ ಕಟ್ಟಿ ಜಗ್ಗುವ ಟ್ರಾಕ್ಷನ್. ಹತ್ತು ಸಿಟ್ಟಿಂಗಿಗೆ ಪ್ಯಾಕೇಜು, ಮುಂಗಡ ಕೊಟ್ಟರೆ ಒಂದು ಫ್ರೀ. ಇವು ಸುಳ್ಳೆಂದು ಹೇಳಲಾರೆ. ಶಾಖಕ್ಕೆ ಸ್ನಾಯು ಸಡಿಲುತ್ತದೆ, ಅರ್ಧ ಗಂಟೆ ಯಾರೂ ಕರೆಯದ ಮಂಚದಲ್ಲಿ ಮಲಗುವುದೂ ಮುಂಬಯಿಯ ಹೆಂಗಸಿಗೆ ಸಣ್ಣ ಔಷಧಿಯಲ್ಲ. ಆದರೆ ಬರೀ ಯಂತ್ರದಿಂದ ಸಿಗುವ ಹಗುರ ಕಲ್ಯಾಣ ಲೋಕಲ್ ಹತ್ತುವವರೆಗೆ. ನರ ಕೆರಳಿ ಕೈನೋವು ಇರುವ ಕೆಲವರಿಗೆ, ವ್ಯಾಯಾಮದ ಜೊತೆ ಸೇರಿದಾಗ, ಟ್ರಾಕ್ಷನ್ನಿಗೆ ಒಂದಿಷ್ಟು ಉಪಯೋಗವಿದೆ. ಕಾಲರಿನದ್ದೂ ಹಾಗೇ. 2009ರಲ್ಲಿ ನೆದರ್ಲೆಂಡ್ಸಿನ ವೈದ್ಯರು, ಕೈಗೆ ಇಳಿಯುವ ನೋವು ಹೊಸದಾಗಿ ಬಂದ 205 ಮಂದಿಯಲ್ಲಿ ಕೆಲವರಿಗೆ ಮೂರರಿಂದ ಆರು ವಾರ ಕಾಲರ್, ಕೆಲವರಿಗೆ ಫಿಸಿಯೋಥೆರಪಿ ಕೊಟ್ಟು, ಉಳಿದವರಿಗೆ ಕಾಯಲು ಹೇಳಿದರು. ಆರನೇ ವಾರಕ್ಕೆ ಮೊದಲೆರಡು ಗುಂಪು ಮುಂದಿತ್ತು, ಆರನೇ ತಿಂಗಳಿಗೆ ಮೂರೂ ಗುಂಪು ಒಂದೇ. ಬರೀ ಕತ್ತು ಹಿಡಿದ ನನ್ನಂಥವರಿಗೆ ಕಾಲರ್ ಬೇಕೇ ಇರಲಿಲ್ಲ.

ಎರಡನೇ ಸಲ ನಾನು ಹೋದದ್ದು ಪರಿಚಯದವರು ಹೇಳಿದ ಒಬ್ಬ ಮರಾಠಿ ಹುಡುಗಿಯ ಬಳಿ. ನಾನು ಹೆಮ್ಮೆಯಿಂದ ಎಕ್ಸ್‌ರೇ ಕವರು ಬಿಚ್ಚುವಾಗ ‘ಕಾಕೂ, ಫೋಟೋ ಆಮೇಲೆ, ಮೊದಲು ನೀವು’ ಎಂದಳು. ಬಲಕ್ಕೆ ಎಷ್ಟು ತಿರುಗುತ್ತದೆ, ಎಡಕ್ಕೆ ಎಷ್ಟು, ಕೈಯೆತ್ತಿದರೆ ಏನಾಗುತ್ತದೆ, ಬೆರಳಿನ ಬಲ, ಮೊಣಕೈಯ ರಿಫ್ಲೆಕ್ಸ್, ನೆಟ್ಟಗೆ ಗೆರೆಯ ಮೇಲೆ ನಡೆಯುವುದು, ಎಲ್ಲ ನೋಡಿದಳು. ನಿದ್ದೆ ಹೇಗೆ ಎಂದು ಕೇಳಿದಳು. ಅತ್ತೆಯ ಕಾಯಿಲೆಯ ವಿಷಯ ಬಂದಾಗ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ಮಲಗಿಸಿ ಕತ್ತಿನ ಕೆಳಗೆ ಬಿಪಿ ನೋಡುವ ಪಟ್ಟಿಯಂಥ ಚೀಲ ಇಟ್ಟು ಮುಳ್ಳು 20ಕ್ಕೆ ಬರುವಷ್ಟು ಗಾಳಿ ತುಂಬಿದಳು. ‘ತಲೆ ಎತ್ತಬೇಡಿ. ಹೂಂ ಅನ್ನುವಷ್ಟು ಮಾತ್ರ ಗದ್ದ ಆಡಿಸಿ. ಮುಳ್ಳು 22ಕ್ಕೆ ಬರಲಿ. ಹತ್ತು ಎಣಿಸುವವರೆಗೆ ಅಲ್ಲೇ ನಿಲ್ಲಿಸಿ.’ ಇದೇನು ಮಕ್ಕಳಾಟ ಅಂದುಕೊಂಡೆ. 24ಕ್ಕೆ ಮುಳ್ಳು ನಡುಗಿತು, 26ಕ್ಕೆ ಹಲ್ಲು ಕಚ್ಚಿದೆ. 30ರವರೆಗೆ ಹೋಗುವುದಂತೆ. ಗಂಟಲಿನ ಹಿಂದೆ ಮೂಳೆಗೆ ಒತ್ತಿಕೊಂಡಿರುವ ಸಣ್ಣ ಸ್ನಾಯುಗಳು ನೋವು ಬಂದಾಗ ಕೆಲಸ ಬಿಡುತ್ತವೆ, ಆಗ ಹೊರಗಿನ ದೊಡ್ಡ ಸ್ನಾಯುಗಳು ಎಲ್ಲ ಹೊರೆ ಹೊತ್ತು ಸೆಟೆದುಕೊಳ್ಳುತ್ತವೆ ಎಂಬುದನ್ನು ಗ್ವೆಂಡೊಲಿನ್ ಜುಲ್ ಮತ್ತು ಆಸ್ಟ್ರೇಲಿಯದ ಅವರ ಸಹೋದ್ಯೋಗಿಗಳು ತೋರಿಸಿದ ಮೇಲೆ ಬಳಕೆಗೆ ಬಂದ ಪರೀಕ್ಷೆ ಇದು.

ಹೂಂ ಎನ್ನುವ ವ್ಯಾಯಾಮದಿಂದ ಶುರುವಾಗಿ ರಬ್ಬರ್ ಪಟ್ಟಿಗೆ ಬಂದೆ. ಪಟ್ಟಿಯನ್ನು ಕಿಟಕಿಯ ಗ್ರಿಲ್ಲಿಗೆ ಕಟ್ಟಿ ಬಾವಿಯಿಂದ ನೀರು ಸೇದುವ ಹಾಗೆ ಎಳೆಯುವುದು. ಇನ್ನೊಂದು, ಪಟ್ಟಿಯನ್ನು ಕಾಲಡಿ ತುಳಿದು ಎರಡು ಕೈಗಳನ್ನೂ ಪಕ್ಕಕ್ಕೆ ರೆಕ್ಕೆಯಂತೆ ಎತ್ತುವುದು. ಈ ಎರಡನೆಯದರ ಬಗ್ಗೆ ಡೆನ್ಮಾರ್ಕಿನಲ್ಲಿ ನಡೆದ ಅಧ್ಯಯನ ನನಗೆ ಬಹಳ ಇಷ್ಟ, ಯಾಕೆಂದರೆ ಅದು ಸೋಮಾರಿಗಳ ಪರ. ಕತ್ತು-ಭುಜ ನೋವಿದ್ದ 198 ಜನರಲ್ಲಿ ಕೆಲವರಿಗೆ ದಿನಕ್ಕೆ 12 ನಿಮಿಷ, ಕೆಲವರಿಗೆ ಬರೀ 2 ನಿಮಿಷ, ವಾರಕ್ಕೆ ಐದು ದಿನ, ಹತ್ತು ವಾರ. 2011ರಲ್ಲಿ ವರದಿ ಬಂದಾಗ ಎರಡು ನಿಮಿಷದವರ ನೋವೂ ಚೆನ್ನಾಗಿಯೇ ಇಳಿದಿತ್ತು. ಅದಕ್ಕೂ ಮೊದಲು, 2003ರಲ್ಲಿ, ಫಿನ್ಲೆಂಡಿನಲ್ಲಿ ಬಹುಕಾಲದ ನೋವಿದ್ದ 180 ಆಫೀಸು ಹೆಂಗಸರನ್ನು ಒಂದು ವರ್ಷ ಗಮನಿಸಿದಾಗ, ಕತ್ತಿನ ಸ್ನಾಯುವಿಗೆ ಬಲ ಕೊಡುವ ವ್ಯಾಯಾಮ ಮಾಡಿದವರು ಸ್ಟ್ರೆಚಿಂಗ್ ಮತ್ತು ಏರೋಬಿಕ್ ವ್ಯಾಯಾಮವಷ್ಟೇ ಮಾಡಿದವರನ್ನು ಬಹಳ ಹಿಂದೆ ಹಾಕಿದ್ದರು. ಕೈಯಿಂದ ಕೀಲು ಸಡಿಲಿಸುವ ಮ್ಯಾನ್ಯುಯಲ್ ಥೆರಪಿ ಮೊದಲ ಕೆಲವು ವಾರ ನೆರವಾಗುತ್ತದೆ, ವ್ಯಾಯಾಮ ಮಾಡುವಷ್ಟು ದಾರಿ ಬಿಡಿಸಿಕೊಡುತ್ತದೆ. ಮುಂದಿನದು ನಮ್ಮ ಪಾಡು.

ಕೈಯಿಂದ ಎಂದಾಗ ಕ್ಷೌರದಂಗಡಿಯ ‘ಟಕ್’ ನೆನಪಾಗದೆ ಇರದು. ಕಟಿಂಗು ಮುಗಿದ ಮೇಲೆ ಚಂಪಿ, ಚಂಪಿಯ ಕೊನೆಗೆ ಗದ್ದ ಹಿಡಿದು ಒಂದು ತಿರುವು. ಗಂಡಸರು ಇದಕ್ಕೆ ಟಿಪ್ಸ್ ಬೇರೆ ಕೊಡುತ್ತಾರೆ. 2024ರಲ್ಲಿ ಬಳ್ಳಾರಿಯ 30 ವರ್ಷದ ಯುವಕನೊಬ್ಬ ಹೀಗೆ ತಿರುಗಿಸಿಕೊಂಡ ಮೇಲೆ ಮಾತು ತಡವರಿಸಿ, ದೇಹದ ಒಂದು ಪಕ್ಕ ಸೋತು ಬೆಂಗಳೂರಿನ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳದ ಒಳಪದರ ಹರಿದು ಆದ ಪಾರ್ಶ್ವವಾಯು ಅದು. ಅಪರೂಪ, ನಿಜ. ಆದರೆ ಇಪ್ಪತ್ತು ರೂಪಾಯಿಯ ಸುಖಕ್ಕೆ ಆ ಅಪರೂಪವೂ ಹೆಚ್ಚೇ.

ಇನ್ನು ಫಿಸಿಯೋಗೂ ಮೊದಲು ವೈದ್ಯರ ಹತ್ತಿರ ಓಡಬೇಕಾದ ಸಂದರ್ಭಗಳು. ಬಿದ್ದು ಅಥವಾ ಅಪಘಾತವಾಗಿ ಬಂದ ನೋವು. ಜ್ವರ, ವಿಪರೀತ ತಲೆನೋವಿನ ಜೊತೆ ಸೆಟೆದ ಕತ್ತು. ಎಡಗೈ, ದವಡೆ, ಎದೆಯ ಕಡೆ ಹರಡಿ ಬೆವರಿಳಿಸುವ ನೋವು, ಅದು ಹೃದಯದ್ದಿರಬಹುದು. ಮೋಸ ಮಾಡುವುದು ಮಾತ್ರ ಇನ್ನೊಂದು: ನೋವು ಅಷ್ಟಿಲ್ಲ, ಆದರೆ ಅಂಗಿಯ ಗುಂಡಿ ಹಾಕಲು ಬೆರಳು ಕೇಳುತ್ತಿಲ್ಲ, ಕೈಬರಹ ಕೆಟ್ಟಿದೆ, ನಡೆದರೆ ಕಾಲು ಹತ್ತಿಯ ಮೇಲಿಟ್ಟ ಹಾಗೆ, ಮೂತ್ರದ ಹಿಡಿತ ತಪ್ಪುತ್ತಿದೆ. ಇದು ಬೆನ್ನುಹುರಿಯೇ ಒತ್ತಿಹೋಗುತ್ತಿರುವ ಚಿಹ್ನೆ. ತಿಂಗಳುಗಟ್ಟಲೆ ಶಾಖ ಕೊಟ್ಟು ಕೂತರೆ ಕಳೆದುಕೊಂಡ ಬಲ ಮರಳದೆ ಇರಬಹುದು. ಮುಂಬಯಿಯಲ್ಲಿ ಮರೆಯಲೇಬಾರದ ಹೆಸರು ಕ್ಷಯ. ನಾವು ಟಿಬಿ ಎಂದರೆ ಕೆಮ್ಮು ಎಂದುಕೊಳ್ಳುತ್ತೇವೆ, ಅದು ಬೆನ್ನುಮೂಳೆಗೂ ಹತ್ತುತ್ತದೆ. ಸಂಜೆ ಮೈ ಬೆಚ್ಚಗಾಗುವುದು, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಮಸಾಜಿನ ಮಾತೇ ಬೇಡ.

ಚಿಕಿತ್ಸೆ ಕೊಡುವವರು ಯಾರೆಂದು ನೋಡಿಕೊಳ್ಳುವುದೂ ನಮ್ಮ ತಲೆಗೇ ಬಂದಿದೆ. ಮಹಾರಾಷ್ಟ್ರದಲ್ಲಿ ಫಿಸಿಯೋಥೆರಪಿಸ್ಟರ ನೋಂದಣಿಗೆ 2002ರ ಕಾಯ್ದೆಯಿಂದ ಕೌನ್ಸಿಲ್ ಇದೆ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 2021ರಲ್ಲಿ. ಗೋಡೆಯ ಮೇಲೆ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದರಲ್ಲಿ, ಇಲ್ಲದಿದ್ದರೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೆಇಎಂ, ಸಾಯನ್, ನಾಯರ್‌ನಂಥ ಪಾಲಿಕೆಯ ಆಸ್ಪತ್ರೆಗಳಲ್ಲಿ ಕೇಸ್ ಪೇಪರ್ ಮಾಡಿಸಿದರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಫಿಸಿಯೋ ಸಿಗುತ್ತದೆ. ಖರ್ಚಾಗುವುದು ಸಮಯ. ದಿನಗೂಲಿಯವನಿಗೆ ಅದೇ ದೊಡ್ಡ ಫೀಸು.

ಮಾಟುಂಗದ ಕಡೆ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವ ನಮ್ಮೂರಿನ ಭಟ್ಟರೊಬ್ಬರಿದ್ದಾರೆ. ಬೆಳಿಗ್ಗೆ ಆರರಿಂದ ತಲೆ ಬಗ್ಗಿಸಿದರೆ ಎತ್ತುವುದು ಹನ್ನೊಂದಕ್ಕೆ. ಮತ್ತೆ ನಾಲ್ಕರಿಂದ ರಾತ್ರಿಯವರೆಗೆ. ಎಡಗೈ ಸೌಟಿನಲ್ಲಿ, ಬಲಗೈ ಮಗುಚುವ ಕೈಯಲ್ಲಿ, ಕಣ್ಣು ತವಾದಲ್ಲಿ. ಅವರ ಕತ್ತು ಹಿಡಿದಾಗ ಯಾರೋ ಒಂದು ತಿಂಗಳು ಊರಿಗೆ ಹೋಗಿ ಮಲಗಿ ಎಂದರಂತೆ. ‘ಮಲಗಿದರೆ ನನ್ನ ಜಾಗಕ್ಕೆ ಇನ್ನೊಬ್ಬ ಎದ್ದು ನಿಂತಿರುತ್ತಾನೆ ಅಕ್ಕಾ’ ಎಂದು ನನ್ನ ಹತ್ತಿರ ನಕ್ಕರು. ಅವರನ್ನು ನಾನೇ ಆ ಮರಾಠಿ ಹುಡುಗಿಯ ಬಳಿ ಕಳಿಸಿದೆ. ಅವಳು ಕೇಳಿದ ಮೊದಲ ಪ್ರಶ್ನೆ ತವಾ ಎಷ್ಟು ಎತ್ತರದಲ್ಲಿದೆ ಎಂದು. ಭಟ್ಟರು ಆರಡಿ, ಒಲೆ ಯಾರೋ ಐದಡಿಯವನಿಗೆ ಕಟ್ಟಿಸಿದ್ದು. ಮಾಲಿಕರು ಗೊಣಗಿಕೊಂಡೇ ಒಲೆಯ ಸ್ಟ್ಯಾಂಡಿನ ಕಾಲಿಗೆ ಇಟ್ಟಿಗೆ ಕೊಡಿಸಿದರು. ಹೋದ ವಾರ ಮಸಾಲೆ ದೋಸೆ ತಿನ್ನಲು ಹೋದಾಗ ಒಳಗೆ ಇಣುಕಿದೆ. ಗಿರಾಕಿ ಕಡಿಮೆಯಿದ್ದ ಹೊತ್ತು. ಗ್ಯಾಸ್ ಸಿಲಿಂಡರಿನ ಪಕ್ಕ, ಅಕ್ಕಿ ಮೂಟೆಗಳ ನಡುವೆ ನಿಂತು, ನೀಲಿ ರಬ್ಬರ್ ಪಟ್ಟಿಯನ್ನು ಕಾಲಡಿ ತುಳಿದು, ಭಟ್ಟರು ಎರಡೂ ಕೈ ರೆಕ್ಕೆಯ ಹಾಗೆ ಎತ್ತುತ್ತಿದ್ದರು. ಪಾತ್ರೆ ತೊಳೆಯುವ ಹುಡುಗ ಎಣಿಸುತ್ತಿದ್ದ, ಹಿಂದಿಯಲ್ಲಿ.